ಬೀದರಿನ ಹಬಶಿಗಳಿಂದ ಬಾಲಾನಗರದ ರಷ್ಯನ್ನರವರೆಗೆ



ಸನತ್‌ನಗರ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಪುರಾಣದ ಸನತ್ಕುಮಾರ ನೆನಪಾಗುತ್ತಾನೆ. ಉರ್ದುವಿನಲ್ಲಿ ‘ಸನಅತ್’ ಎಂದರೆ ಕೈಗಾರಿಕೆ. ಹೆಸರಿಗೆ ತಕ್ಕ ಹಾಗೆ ಇದು ಕಾರ್ಖಾನೆಗಳ ಊರು. 1942ರಲ್ಲಿ ಆರಂಭವಾದ ಆಲ್ವಿನ್ ಕಂಪನಿ ಇಲ್ಲಿದ್ದುಕೊಂಡೇ ಬಸ್ಸಿನ ಬಾಡಿ, ಉಕ್ಕಿನ ಬೀರು, ರೆಫ್ರಿಜರೇಟರ್ ಮಾಡಿ ಹೆಸರು ಗಳಿಸಿತು. ಊರಿನ ಪಕ್ಕದಲ್ಲೇ ಹಾದುಹೋಗುವ ರೈಲು ಹಳಿ ವಾಡಿಯಿಂದ ಬರುತ್ತದೆ. 1874ರಲ್ಲಿ ಆ ಮಾರ್ಗ ತೆರೆದ ಮೇಲೆ ಚಿತ್ತಾಪುರ, ಸೇಡಂ ಕಡೆಯ ಜನರಿಗೆ ಹೈದರಾಬಾದು ಹತ್ತಿರವಾಯಿತು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಈ ದಾರಿಯಲ್ಲಿ ಬಂದು, ಕೆಲಸ ಹಿಡಿದು, ಇಲ್ಲೇ ಮನೆ ಮಾಡಿ ನಿಂತ ಕನ್ನಡ ಕುಟುಂಬಗಳು ನಮ್ಮ ಕೇಳುಗರಲ್ಲಿ ಎಷ್ಟೋ ಇವೆ.

ಹಾಗೆ ಬಂದವರ ಬಾಲ್ಯ ಹೇಗಿತ್ತು ಎಂದು ಯೋಚಿಸಿ. ಹುಟ್ಟಿದ ಓಣಿ, ಬಳಗದವರದೇ ನಾಲ್ಕಾರು ಮನೆ, ದೀಪ ಹಚ್ಚುವ ಹೊತ್ತಿಗೆ ಒಳಗಿರಬೇಕೆಂಬ ಕಟ್ಟು. ಯಾರ ಮನೆಯ ನೀರು ಕುಡಿಯಬಹುದು, ಯಾರ ಮನೆಯದು ಕುಡಿಯಬಾರದು ಎಂಬುದು ಅಕ್ಷರ ಕಲಿಯುವ ಮೊದಲೇ ಗೊತ್ತಾಗಿಬಿಡುತ್ತಿತ್ತು. ಹೊರಗಿನವರು ಎಂದರೆ ಆಚೆ ಊರಿನವರು. ಇಂಥ ಮನೆಯಿಂದ ಬಂದ ಹುಡುಗ ಮಹಾನಗರದ ಬಸ್ಸಿನಲ್ಲಿ ಆಫ್ರಿಕಾದ ವಿದ್ಯಾರ್ಥಿಯ ಪಕ್ಕದ ಸೀಟಿನಲ್ಲಿ ಮೊದಲ ಸಲ ಕೂತಾಗ ಕಣ್ಣು ಕೀಳದೆ ನೋಡಿದರೆ ಆಶ್ಚರ್ಯವೇನಿಲ್ಲ. ಮನೆಗೆ ಬಂದು ಹೇಳಿದರೆ ಹಿರಿಯರು, ‘ಇಂಥವರನ್ನ ನಮ್ಮ ಕಡೆ ನಾವು ಕಂಡೇ ಇಲ್ಲ ಬಿಡು’ ಎನ್ನುತ್ತಾರೆ.

ಈ ಮಾತು ಆ ಹಿರಿಯರ ಮಟ್ಟಿಗೆ ನಿಜ. ನಮ್ಮ ಕಡೆಯ ಮಟ್ಟಿಗೆ ನಿಜವೇ? ಬೀದರ, ಕಲಬುರಗಿ, ರಾಯಚೂರಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ಬಿಚ್ಚಿ ನೋಡೋಣ.

ಬೀದರಿನಲ್ಲಿ ಪರದೇಶಿ ಯಾರು?

1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು. 15ನೆಯ ಶತಮಾನದ ಮೊದಲ ಭಾಗದಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಗೋವಾ, ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದ ಕುದುರೆಗಳು ಮಾತ್ರ ಈ ಊರುಗಳಿಗೆ ಬರಲಿಲ್ಲ. ಇರಾನಿನ ಪಂಡಿತರು, ತುರ್ಕಿ ಸೈನಿಕರು, ಅರಬ್ ವರ್ತಕರು ಬಂದರು. ಆಫ್ರಿಕಾದ ಪೂರ್ವ ತೀರದಿಂದಲೂ ಇಥಿಯೋಪಿಯಾದಿಂದಲೂ ಹಿಡಿದು ಮಾರಲ್ಪಟ್ಟ ಜನರೂ ಬಂದರು. ಅವರನ್ನು ‘ಹಬಶಿ’ ಎಂದು ಕರೆಯುತ್ತಿದ್ದರು. ಹಬಶ್ ಎಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾ. ಹುಟ್ಟಿದ ದೇಶದ ಹೆಸರದು, ಬೈಗುಳವಾಗಿ ಹುಟ್ಟಿದ್ದಲ್ಲ.

ಬೀದರಿನ ದರಬಾರಿನಲ್ಲಿ ಎರಡು ಪಂಗಡಗಳಿದ್ದವು. ಇರಾನ್, ತುರ್ಕಿಸ್ತಾನದ ಕಡೆಯಿಂದ ಹೊಸದಾಗಿ ಬಂದವರು ‘ಆಫಾಕಿ’ಗಳು, ಅಂದರೆ ಪರದೇಶಿಗಳು. ಹಿಂದೆಯೇ ಬಂದು ನೆಲೆ ನಿಂತವರೂ ಇಲ್ಲಿಯೇ ಹುಟ್ಟಿದವರೂ ‘ದಖ್ಖನಿ’ಗಳು. ಈ ಎರಡು ಪಂಗಡಗಳ ಜಗಳವೇ ಬಹಮನಿ ರಾಜ್ಯ ಒಡೆಯಲು ಒಂದು ದೊಡ್ಡ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ. ಈಗ ಒಂದು ಪ್ರಶ್ನೆ: ಕಪ್ಪು ಬಣ್ಣದ, ಗುಂಗುರು ಕೂದಲಿನ ಹಬಶಿಗಳು ಯಾವ ಕಡೆ ಇದ್ದರು? ಅವರು ದಖ್ಖನಿಗಳ ಕಡೆ ಇದ್ದರು. ಕೆಂಪು ಮೈಬಣ್ಣದ ಇರಾನಿ ಪರದೇಶಿ. ಇಥಿಯೋಪಿಯಾದಲ್ಲಿ ಹುಟ್ಟಿದವನು ಸ್ಥಳೀಯರ ಪೈಕಿ! ಯಾರು ನಮ್ಮವರು ಎಂಬುದನ್ನು ಆ ಕಾಲ ಮೈಬಣ್ಣ ನೋಡಿ ತೀರ್ಮಾನಿಸಲಿಲ್ಲ. ಯಾರು ಯಾರ ಜೊತೆ ನಿಂತರು, ಯಾರ ಅಧಿಕಾರಕ್ಕೆ ಯಾರು ಅಡ್ಡ ಬಂದರು ಎಂಬುದು ಅದನ್ನು ತೀರ್ಮಾನಿಸಿತು.

ಹಾಗೆಂದು ಅದೊಂದು ಸುಖದ ಕಾಲ ಎಂದು ತಿಳಿಯಬೇಡಿ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಅದರ ಹಸಿರು, ನೀಲಿ ಹೆಂಚಿನ ತುಣುಕುಗಳು ಇಂದಿಗೂ ಗೋಡೆಯ ಮೇಲಿವೆ. ಅಂಥ ಗವಾನನನ್ನೂ ಆಫಾಕಿ ಎಂಬ ಕಾರಣಕ್ಕೆ ವಿರೋಧಿಗಳು ಬಿಡಲಿಲ್ಲ. ಅವನ ಮೊಹರು ಹಾಕಿದ ಸುಳ್ಳು ಪತ್ರವನ್ನು ಸುಲ್ತಾನನ ಮುಂದಿಟ್ಟರು. 1481ರಲ್ಲಿ ಅವನ ತಲೆ ಹೋಯಿತು. ವಿಚಾರಿಸದೆ ಕೊಂದ ಸುಲ್ತಾನ ಮರುವರ್ಷವೇ ತೀರಿಕೊಂಡ. ಆ ಮೇಲೆ ರಾಜ್ಯ ಐದು ತುಂಡಾಯಿತು.

ಹಬಶಿಗಳಲ್ಲಿ ಬಹುಪಾಲು ಜನ ಗುಲಾಮರಾಗಿಯೇ ಬಂದವರು. ಆದರೆ ದಖ್ಖನಿನ ಗುಲಾಮಗಿರಿಯಲ್ಲಿ ಕತ್ತಿ ಹಿಡಿದವನಿಗೆ ಮೇಲೇರುವ ದಾರಿ ಇತ್ತು. 15ನೆಯ ಶತಮಾನದ ಕೊನೆಗೆ ಕಲಬುರಗಿ ಪ್ರಾಂತವನ್ನು ಆಳಿದವನು ದಸ್ತೂರ್ ದೀನಾರ್ ಎಂಬ ಹಬಶಿ. ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ; ಅವನ ಚಿತ್ರಗಳು ಇಂದಿಗೂ ಉಳಿದಿವೆ. ನಮ್ಮ ಗಡಿಯ ಆದವಾನಿಯಲ್ಲಿ, ಈಗ ಆಂಧ್ರಕ್ಕೆ ಸೇರಿದ ಆದೋನಿಯಲ್ಲಿ, ಸಿದ್ದಿ ಮಸೂದ್ ಖಾನ್ 17ನೆಯ ಶತಮಾನದಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ ಇದೆ. ಬೀದರ ಪಟ್ಟಣದ ಪೂರ್ವಕ್ಕೆ ಒಂದು ಗುಡ್ಡವಿದೆ. ಅದರ ಹೆಸರೇ ಹಬಶಿ ಕೋಟ್. ಅಲ್ಲಿ ಹಬಶಿ ಸರದಾರರ ಗೋರಿಗಳಿವೆ. ಬೀದರಿನಲ್ಲಿ ಹುಟ್ಟಿ ಬೆಳೆದವರೂ ಆ ಹೆಸರನ್ನು ದಿನಾ ಆಡುತ್ತಾರೆ, ಅದರ ಅರ್ಥ ಏನೆಂದು ಕೇಳುವವರು ಕಡಿಮೆ.

ನೋಡಲು ಬಂದವನನ್ನೇ ನೋಡಿದ ಜನ

ಮಹಮೂದ್ ಗವಾನ್ ಪ್ರಧಾನಿಯಾಗಿದ್ದಾಗಲೇ ರಷ್ಯಾದ ತ್ವೇರ್ ಎಂಬ ಊರಿನ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಅವನು ಚೌಲ್ ಬಂದರಿನಲ್ಲಿ ಇಳಿದದ್ದು 1469ರ ಸುಮಾರಿಗೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅಂದರೆ ಪೋರ್ಚುಗೀಸರಿಗಿಂತ ಮೂರು ದಶಕ ಮೊದಲೇ ಒಬ್ಬ ರಷ್ಯನ್ ನಮ್ಮ ಬೀದರಿನ ಬಜಾರಿನಲ್ಲಿ ಓಡಾಡಿದ್ದ.

ನಿಕಿತಿನ್ ತನ್ನ ಪ್ರವಾಸದ ಟಿಪ್ಪಣಿ ಬರೆದಿಟ್ಟ. ಬಿಳಿ ಮನುಷ್ಯ ಎಂದು ಬೆರಗಾಗಿ ಜನ ತನ್ನ ಹಿಂದೆ ಹಿಂದೆಯೇ ಬರುತ್ತಿದ್ದರು ಎಂದು ಅದರಲ್ಲಿ ಹೇಳಿದ್ದಾನೆ. ಎಲ್ಲರೂ ನೋಡುವ ವಸ್ತುವಾಗುವುದು ಹೇಗಿರುತ್ತದೆ ಎಂಬುದನ್ನು ಆ ಬಿಳಿಯ ಅನುಭವಿಸಿದ. ಅವನಿಗೂ ನಮ್ಮ ಜನ ವಿಚಿತ್ರವಾಗಿ ಕಂಡರು. ಅವರ ಅರೆಬತ್ತಲೆ ಮೈ, ಹೆಂಗಸರ ಜಡೆ, ತಿನ್ನುವ ರೀತಿ ಎಲ್ಲವನ್ನೂ ಗುರುತು ಮಾಡಿಕೊಂಡ. ಮಾರಲು ತಂದಿದ್ದ ಒಂದೇ ಕುದುರೆಯನ್ನು ಜುನ್ನರಿನ ಅಧಿಕಾರಿ ಕಿತ್ತುಕೊಂಡು, ಮತಾಂತರವಾದರೆ ಕೊಡುತ್ತೇನೆ ಎಂದ. ಆಗ ಅವನ ಪರವಾಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟವನು ಖುರಾಸಾನಿನವನಾದ ಮಹಮದ್ ಎಂಬಾತ. ಪರದೇಶಿಗೆ ಪರದೇಶಿಯೇ ನೆರವಾದ.

ಬೀದರಿನಲ್ಲಿ ಅವನಿಗೆ ಹಿಂದೂ ಕುಟುಂಬಗಳ ಪರಿಚಯವಾಯಿತು. ಮೊದಮೊದಲು ಅವರು ಅವನಿಂದ ಎಲ್ಲವನ್ನೂ ಮುಚ್ಚಿಡುತ್ತಿದ್ದರು. ತಾನು ಯಾರು, ತನ್ನ ಧರ್ಮ ಯಾವುದು ಎಂದು ಅವನು ಬಿಚ್ಚಿ ಹೇಳಿದ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮರೆಮಾಡಲಿಲ್ಲ, ಮನೆಯ ಹೆಂಗಸರನ್ನೂ ಮರೆಗೆ ಕಳಿಸಲಿಲ್ಲ ಎಂದು ಅವನು ಬರೆದಿದ್ದಾನೆ. ಅವರ ಜೊತೆಯಲ್ಲೇ ಶ್ರೀಶೈಲದ ಶಿವರಾತ್ರಿ ಜಾತ್ರೆಗೂ ಹೋಗಿಬಂದ. ಆಳಂದದಲ್ಲಿ ನೆರೆಯುತ್ತಿದ್ದ ಕುದುರೆ ಸಂತೆಯ ವಿವರವೂ ಅವನ ಬರಹದಲ್ಲಿದೆ. ಈ ನಾಡಿನಲ್ಲಿ ಒಂದು ಜಾತಿಯವರು ಇನ್ನೊಂದು ಜಾತಿಯವರ ಜೊತೆ ಕೂತು ಉಣ್ಣುವುದಿಲ್ಲ ಎಂಬುದೂ ಅವನ ಕಣ್ಣಿಗೆ ಬಿತ್ತು.

ಮಡಿಮೈಲಿಗೆಯ ಕಟ್ಟು ಅಷ್ಟು ಬಿಗಿಯಾಗಿದ್ದ ಕಾಲದಲ್ಲಿ, ಸಮುದ್ರದಾಚೆಯ ಒಬ್ಬ ಬಿಳಿಯ ವರ್ತಕನನ್ನು ಜಾತ್ರೆಗೆ ಜೊತೆಯಲ್ಲಿ ಕರೆದೊಯ್ಯುವಷ್ಟು ಸಲಿಗೆ ಬೀದರಿನ ಜನಕ್ಕೆ ಸಾಧ್ಯವಾಯಿತು. ಅದು ಒಂದು ದಿನದಲ್ಲಿ ಆದದ್ದಲ್ಲ. ಅವನು ಅಲ್ಲಿ ತಿಂಗಳುಗಟ್ಟಲೆ ಇದ್ದ, ಮಾತು ಕಲಿತ, ಅವರು ಕೇಳಿದ್ದಕ್ಕೆ ಉತ್ತರ ಹೇಳಿದ. ನಿಕಿತಿನ್ ತನ್ನ ಊರು ಸೇರಲಿಲ್ಲ, ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಕಥೆಯನ್ನು 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ರಷ್ಯಾದ ವಾಸಿಲಿ ಪ್ರೊನಿನ್ ಸೇರಿ ‘ಪರ್‌ದೇಸಿ’ ಎಂಬ ಸಿನಿಮಾ ಮಾಡಿದರು. ನರ್ಗಿಸ್ ಅದರ ನಾಯಕಿ. ಹಳೆಯ ಸಿನಿಮಾ ಪ್ರಿಯರಿಗೆ ನೆನಪಿರಬಹುದು.

ಎಲ್ಲಿ ಹೋದರು ಅವರೆಲ್ಲ?

ಇಷ್ಟೆಲ್ಲ ಜನ ನಮ್ಮ ನೆಲದಲ್ಲಿದ್ದರು ಎಂದಾದರೆ ನಮ್ಮ ಅಜ್ಜಂದಿರಿಗೆ ಅವರು ಏಕೆ ಹೊಸಬರಾದರು? ಒಂದು ಉತ್ತರ ಸರಳ. ಮೂರು ನಾಲ್ಕು ತಲೆಮಾರಿನಲ್ಲಿ ಎಷ್ಟೋ ಜನ ಸುತ್ತಲಿನವರ ಜೊತೆ ಮದುವೆಯಾಗಿ, ಮಾತು ಬದಲಿಸಿ, ಗುರುತು ಸಿಗದಂತೆ ಕಲೆತುಹೋದರು. ಇನ್ನು ಕೆಲವರನ್ನು ನಾವೇ ಕಾಣದಂತೆ ದೂರ ಇಟ್ಟೆವು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿರುವ ಸಿದ್ದಿಗಳನ್ನೇ ನೋಡಿ. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದ ಗುಲಾಮರ ಸಂತತಿ ಅವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಕೊಂಕಣಿ, ಕನ್ನಡ ಮಾತಾಡುತ್ತಾರೆ. ಹಬ್ಬಕ್ಕೆ ಡಮಾಮಿ ಬಾರಿಸುತ್ತಾರೆ. 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಓಟದ ತರಬೇತಿಗೆ ಆರಿಸಿತು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಆ ಸಮುದಾಯದಿಂದ ಕರ್ನಾಟಕದ ಶಾಸಕಾಂಗ ಪ್ರವೇಶಿಸಿದ ಮೊದಲಿಗರಾದರು. ಇಷ್ಟಾದರೂ ಸಿದ್ದಿ ಯುವಕ ಬೆಂಗಳೂರಿಗೆ ಹೋದರೆ ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವನು ‘ಯಲ್ಲಾಪುರ’ ಎಂದು ಕನ್ನಡದಲ್ಲಿ ಉತ್ತರ ಕೊಟ್ಟರೆ ಕೇಳಿದವರೇ ಕಕ್ಕಾಬಿಕ್ಕಿಯಾಗುತ್ತಾರೆ.

ಹೈದರಾಬಾದಿನಲ್ಲೂ ಇಂಥ ಎರಡು ಮೊಹಲ್ಲಾಗಳಿವೆ. ಮಾಸಾಬ್ ಟ್ಯಾಂಕ್ ಹತ್ತಿರದ ಎ.ಸಿ. ಗಾರ್ಡ್ಸ್ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ಓದಿರುತ್ತೀರಿ. ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬುದರ ಚಿಕ್ಕ ರೂಪ ಅದು. 19ನೆಯ ಶತಮಾನದಲ್ಲಿ ವನಪರ್ತಿ ಸಂಸ್ಥಾನ ಕಟ್ಟಿದ ಆಫ್ರಿಕನ್ ಕುದುರೆ ಪಡೆ ಮುಂದೆ ನಿಜಾಮರ ಸೇವೆಗೆ ಬಂತು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ನಗರದ ಮದುವೆಗಳಲ್ಲಿ ಕೇಳಿಬರುವ ಮರ್ಫಾ ವಾದ್ಯದ ಬಡಿತ ಇಂಥ ಮೊಹಲ್ಲಾಗಳಿಂದಲೇ ಊರಿಗೆ ಹಬ್ಬಿದ್ದು. ಚಾಂದ್ರಾಯಣಗುಟ್ಟದ ಆಚೆ ಬಾರ್ಕಸ್ ಇದೆ. ಬ್ಯಾರಕ್ಸ್ ಎಂಬ ಪದವೇ ಬಾರ್ಕಸ್ ಆಯಿತು. ಯೆಮೆನಿನ ಹದ್ರಮೌತ್ ಪ್ರದೇಶದಿಂದ ಬಂದ ಅರಬ್ ಸೈನಿಕರ ನೆಲೆ ಅದು. ರಂಜಾನ್ ತಿಂಗಳಲ್ಲಿ ಅಲ್ಲಿನ ಹರೀಸ್ ತಿನ್ನಲು ಊರೆಲ್ಲ ಹೋಗುತ್ತದೆ.

ಹಳ್ಳಿಯ ಕನ್ನಡಿಗರಿಗೆ ಇವರ ಪರಿಚಯ ಬೇರೆ ರೀತಿಯಲ್ಲಿತ್ತು ಎಂಬುದನ್ನೂ ಹೇಳಬೇಕು. ನಿಜಾಮರ ಕಾಲದಲ್ಲಿ ಅರಬರು, ರೋಹಿಲ್ಲರು ಬಡ್ಡಿಗೆ ಸಾಲ ಕೊಟ್ಟು, ಬಾಗಿಲಲ್ಲಿ ಆಯುಧ ಹಿಡಿದು ಕೂತು ವಸೂಲಿ ಮಾಡುತ್ತಿದ್ದುದು ಉಂಟು. ಮೊದಲನೆಯ ಸಾಲಾರ್ ಜಂಗ್ ಅವರ ಹಾವಳಿ ಅಡಗಿಸಲು ಕಷ್ಟಪಟ್ಟ. ಆ ಭಯ ಮನಸ್ಸಿನಲ್ಲಿ ಉಳಿದದ್ದು ಸುಳ್ಳಲ್ಲ. 1947–48ರಲ್ಲಿ ರಜಾಕಾರರ ದೌರ್ಜನ್ಯ, 1948ರ ಸೆಪ್ಟೆಂಬರ್ 13ರಿಂದ 17ರ ಪೊಲೀಸ್ ಕಾರ್ಯಾಚರಣೆ, ಅದರ ಹಿಂದೆಯೇ ಬೀದರ, ಕಲಬುರಗಿಯ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದ ಕೊಲೆ ಸುಲಿಗೆ, ಹೀಗೆ ಒಂದರ ಮೇಲೊಂದು ಬಂದವು. ನಿಜಾಮರ ಪಡೆಗಳು ಮುರಿದವು. ಅನೇಕ ಅರಬರನ್ನು ಹಡಗು ಹತ್ತಿಸಿ ಕಳಿಸಲಾಯಿತು. ಉಳಿದವರು ಕೆಲಸ ಕಳೆದುಕೊಂಡು ತಮ್ಮ ಮೊಹಲ್ಲಾ ಸೇರಿದರು. ಎಲ್ಲ ಕಡೆಯೂ ಬಾಗಿಲುಗಳು ಮುಚ್ಚಿಕೊಂಡವು. ಆ ಮುಚ್ಚಿದ ಬಾಗಿಲ ಹಿಂದೆ ಬೆಳೆದ ಮಕ್ಕಳೇ ‘ಇಂಥವರನ್ನ ಕಂಡೇ ಇಲ್ಲ’ ಎನ್ನುವ ನಮ್ಮ ಹಿರಿಯರು.

ನಾವೂ ಒಂದು ದಿನ ಹೊರಗಿನವರಾದೆವು

ಇಲ್ಲಿ ನಮ್ಮದೇ ಕಥೆಯನ್ನೂ ನೆನೆಯುವುದು ಒಳ್ಳೆಯದು. ನಿಜಾಮರ ರಾಜ್ಯದಲ್ಲಿ ಸರ್ಕಾರಿ ನೌಕರಿಗೆ ‘ಮುಲ್ಕಿ’ ಎಂಬ ನಿಯಮವಿತ್ತು. 1919ರ ಫರ್ಮಾನಿನ ಪ್ರಕಾರ ರಾಜ್ಯದವನು ಮುಲ್ಕಿ, ಹೊರಗಿನವನು ಗೈರ್‌ಮುಲ್ಕಿ. ಬೀದರ, ಕಲಬುರಗಿ, ರಾಯಚೂರಿನ ಕನ್ನಡಿಗ ಅಪ್ಪಟ ಮುಲ್ಕಿ. ಹೈದರಾಬಾದು ಅವನ ರಾಜಧಾನಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಉರ್ದು ಕಲಿತು ಬಂದ ನಮ್ಮ ಹುಡುಗರು ಕಾಚಿಗುಡಾದ ಸುತ್ತ ಬಾಡಿಗೆ ಕೋಣೆಗಳಲ್ಲಿ ಇದ್ದು ಓದಿದರು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಆ ಭಾಗದಲ್ಲಿ ಬೇರು ಬಿಟ್ಟದ್ದು ಹಾಗೆ.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಯಿತು. ಮೂರೂ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕನ್ನಡಿಗರ ಕನಸು ನನಸಾಯಿತು, ಅದು ಸಂತೋಷವೇ. ಆದರೆ ಹೈದರಾಬಾದಿನಲ್ಲೇ ಉಳಿದ ಕನ್ನಡಿಗ ಬೆಳಗಾಗುವುದರೊಳಗೆ ಬೇರೆ ರಾಜ್ಯದವನಾದ. ಅದೇ ಮನೆ, ಅದೇ ಬೀದಿ, ಅದೇ ಉರ್ದು ಬೆರೆತ ಮಾತು. ಗೆರೆ ಮಾತ್ರ ಸರಿದಿತ್ತು. ಬೀದರಿನ ಹಬಶಿ ದಖ್ಖನಿಯಾದದ್ದು, ಗೀಲಾನಿನ ಗವಾನ್ ಕೊನೆಯವರೆಗೂ ಪರದೇಶಿಯಾಗಿಯೇ ಉಳಿದದ್ದು ಇಂಥ ಗೆರೆಯಿಂದಲೇ. ಅದನ್ನು ಎಳೆಯುವವರು ಬೇರೆಯವರು, ಅದರ ಯಾವ ಪಕ್ಕಕ್ಕೆ ಬಿದ್ದೆವು ಎಂಬುದು ಎಷ್ಟೋ ಸಲ ನಮ್ಮ ಕೈಯಲ್ಲಿ ಇರುವುದಿಲ್ಲ.

ಕಾರ್ಖಾನೆ ತೆರೆದ ಬಾಗಿಲು

ಮುಚ್ಚಿದ ಬಾಗಿಲುಗಳನ್ನು ಮತ್ತೆ ತೆರೆಸಿದ್ದು ಕಾರ್ಖಾನೆಗಳು. ಸನತ್‌ನಗರದ ಸುತ್ತಲಿನ ಭೂಪಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಉತ್ತರಕ್ಕೆ ಬಾಲಾನಗರದಲ್ಲಿ ಐ.ಡಿ.ಪಿ.ಎಲ್. ಔಷಧ ಕಾರ್ಖಾನೆ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ನೆರವಿನಿಂದ ಎದ್ದಿತು. ಮುಂದೆ ಔಷಧ ಉದ್ಯಮದಲ್ಲಿ ದೊಡ್ಡ ಹೆಸರಾದ ಡಾ. ಅಂಜಿ ರೆಡ್ಡಿಯವರು ಮೊದಲು ಕೆಲಸ ಮಾಡಿದ್ದು ಅಲ್ಲಿಯೇ. ಪಶ್ಚಿಮಕ್ಕೆ ಮುಂಬಯಿ ಹೆದ್ದಾರಿಯಲ್ಲಿ ರಾಮಚಂದ್ರಾಪುರದ ಭಾರಿ ವಿದ್ಯುತ್ ಸಲಕರಣೆ ಕಾರ್ಖಾನೆ ಅದೇ ದಶಕದಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಲ್ಲಿ ಆರಂಭವಾಯಿತು; ಅದು ಈಗಿನ ಬಿ.ಎಚ್.ಇ.ಎಲ್. ಬಾಲಾನಗರದಲ್ಲೇ 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಉಪಕರಣ ವಿನ್ಯಾಸದ ಕೇಂದ್ರ ಸಂಸ್ಥೆ ಬಂತು. ಯೂಸುಫ್‌ಗುಡಾದ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆ 1962ರಲ್ಲಿ ದೆಹಲಿಯಿಂದ ಇಲ್ಲಿಗೆ ಬಂದು, ಮುಂದೆ ಏಷ್ಯಾ, ಆಫ್ರಿಕಾದ ಹಲವು ದೇಶಗಳ ಅಧಿಕಾರಿಗಳಿಗೆ ತರಬೇತಿ ಕೊಡತೊಡಗಿತು. ಆಲ್ವಿನ್ ಕಂಪನಿ ಜಪಾನಿನ ಸೀಕೋ ಜೊತೆ ಸೇರಿ 1980ರ ದಶಕದಲ್ಲಿ ಕೈಗಡಿಯಾರ ಮಾಡಿತು.

ಅಂದರೆ ಓಣಿಯಿಂದ ನೇರವಾಗಿ ಬಂದ ಒಬ್ಬ ಫಿಟ್ಟರ್, ಒಬ್ಬ ಟರ್ನರ್, ಒಬ್ಬ ಲ್ಯಾಬ್ ಸಹಾಯಕನಿಗೆ ನಾಲ್ಕಾರು ಮೈಲಿಯೊಳಗೇ ರಷ್ಯನ್ನರು, ಚೆಕ್ ಜನರು, ಜಪಾನಿಗಳು, ಆಫ್ರಿಕನ್ನರು ಎದುರಾಗುವ ಕಾಲ ಬಂತು. ಕಾರ್ಖಾನೆಯಲ್ಲಿ ಒಬ್ಬರನ್ನೊಬ್ಬರು ಸುಮ್ಮನೆ ನೋಡುತ್ತ ನಿಲ್ಲಲು ಪುರುಸೊತ್ತಿಲ್ಲ. ಯಂತ್ರ ನಿಂತರೆ ಇಬ್ಬರೂ ಬಗ್ಗಿ ನೋಡಬೇಕು. ನಕ್ಷೆಯ ಮೇಲಿನ ಅಳತೆ ಇಬ್ಬರಿಗೂ ಒಂದೇ. ಐನೂರು ವರ್ಷಗಳ ಹಿಂದೆ ನಿಕಿತಿನ್ನನಿಗೆ ಬೀದರಿನಲ್ಲಿ ತಿಂಗಳುಗಟ್ಟಲೆ ಇದ್ದು ಸಿಕ್ಕ ಸಲಿಗೆ ಇಂಥ ಕಡೆ ಬೇಗ ಸಿಗುತ್ತದೆ. ಐ.ಡಿ.ಪಿ.ಎಲ್. ನಂತರ ಬಾಗಿಲು ಹಾಕಿತು, ಆಲ್ವಿನ್ ಹೆಸರೂ ಮಾರುಕಟ್ಟೆಯಿಂದ ಮರೆಯಾಯಿತು. ಆದರೆ ಅಲ್ಲಿ ಕೆಲಸ ಮಾಡಿದವರ ಮನೆಗಳಲ್ಲಿ ‘ವಿದೇಶಿ’ ಎಂಬ ಮಾತಿಗೆ ಒಂದು ಮುಖ, ಒಂದು ಹೆಸರು ಸಿಕ್ಕಿತ್ತು.

ಜೋಳ ಎಲ್ಲಿಂದ ಬಂತು?

ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಪಟಾನ್‌ಚೆರು. 1972ರಲ್ಲಿ ಅಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅದರ ಮುಖ್ಯ ಬೆಳೆಗಳು. ಈ ಪಟ್ಟಿ ಓದಿದರೆ ನಮ್ಮ ಕಡೆಯ ಅಡುಗೆಮನೆಯ ಡಬ್ಬಿಗಳ ಪಟ್ಟಿಯೇ ಓದಿದಂತಾಗುತ್ತದೆ. ಆಫ್ರಿಕಾದ ವಿಜ್ಞಾನಿಗಳೂ ಅಲ್ಲಿಗೆ ಬರುತ್ತಾರೆ, ಏಕೆಂದರೆ ಈ ಬೆಳೆಗಳು ಅವರ ರೈತರದೂ ಹೌದು.

ಅವರದೂ ಹೌದು ಎನ್ನುವುದೂ ಅರ್ಧ ಸತ್ಯ. ಜೋಳವನ್ನು ಮೊದಲು ಪಳಗಿಸಿ ಬೆಳೆದದ್ದು ಈಶಾನ್ಯ ಆಫ್ರಿಕಾದಲ್ಲಿ, ಇಂದಿನ ಸುಡಾನ್ ಕಡೆ. ಸಜ್ಜೆಯ ತವರು ಪಶ್ಚಿಮ ಆಫ್ರಿಕಾ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನಿಂದ ಇವು ಒಂದೊಂದಾಗಿ ಭಾರತಕ್ಕೆ ಬಂದವು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಪ್ರಾಚೀನ ಸಜ್ಜೆಯ ಕಾಳುಗಳೇ ಸಿಕ್ಕಿವೆ. ನಮ್ಮ ತೊಗರಿ ಭಾರತದಲ್ಲಿ ಹುಟ್ಟಿ ಆಫ್ರಿಕಾಕ್ಕೆ ಹೋಯಿತು. ಕೊಡುವುದು, ತರುವುದು ಎರಡೂ ನಡೆದಿದೆ. ಸವಣೂರಿನಲ್ಲಿರುವ ದೊಡ್ಡಹುಣಸೆ ಮರಗಳೂ ಗೋಲ್ಕೊಂಡದ ನಯಾ ಕಿಲಾದೊಳಗಿನ ‘ಹಾತಿಯಾನ್ ಕಾ ಝಾಡ್’ ಎಂಬ ಭಾರಿ ಮರವೂ ಆಫ್ರಿಕಾದ ಬಾವೊಬಾಬ್ ಜಾತಿಯವೇ.

ಆದ್ದರಿಂದ ಬಸ್ಸಿನಲ್ಲಿ ಸುಡಾನಿನ ಹುಡುಗನ ಪಕ್ಕದಲ್ಲಿ ಕೂತ ನಮ್ಮ ಹುಡುಗನ ಬುತ್ತಿಯಲ್ಲಿರುವ ರೊಟ್ಟಿಯ ಮೂಲ ಆ ಹುಡುಗನ ದೇಶದ ಕಡೆಯದು. ಸುಡಾನಿನಲ್ಲಿ ಇಂದಿಗೂ ಜೋಳದ ಹಿಟ್ಟನ್ನು ಹುಳಿಬರಿಸಿ ‘ಕಿಸ್ರಾ’ ಎಂಬ ತೆಳ್ಳನೆಯ ರೊಟ್ಟಿ ಮಾಡುತ್ತಾರೆ. ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಈಗ ನಮ್ಮ ಮುಂದಿರುವುದು

ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ, ಅದರ ಪಕ್ಕದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೆ ಸುಡಾನ್, ಯೆಮೆನ್, ಸೊಮಾಲಿಯಾ, ಆಫ್ಘಾನಿಸ್ತಾನದಂಥ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾ ಇದ್ದಾರೆ. ಟೋಲಿಚೌಕಿಯ ಪ್ಯಾರಾಮೌಂಟ್ ಕಾಲೊನಿಯಲ್ಲಿ ಅವರ ಅಂಗಡಿ, ಊಟದ ಮನೆಗಳೇ ಇವೆ. ಆದರೂ ಮನೆ ಬಾಡಿಗೆಗೆ ಕೇಳಿದಾಗ ಬಣ್ಣ ನೋಡಿ ಇಲ್ಲ ಎನ್ನುವುದು, ಬೀದಿಯಲ್ಲಿ ಹಿಂದಿನಿಂದ ಕೂಗುವುದು ನಿಂತಿಲ್ಲ. ಇದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಮ್ಮ ಕನ್ನಡ ನೆಲದಲ್ಲೇ ಉದಾಹರಣೆಯಿದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಗುಂಪೊಂದು ಎಳೆದು ಹೊಡೆಯಿತು, ಅವರ ಕಾರು ಸುಟ್ಟಿತು. ಅಪಘಾತಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಬೀದರಿನಿಂದ ಬಂದವನು ಮಾಡಿದ ತಪ್ಪಿಗೆ ಕಾಶ್ಮೀರದವನನ್ನು ಹಿಡಿದು ಹೊಡೆದರೆ ಹೇಗಿರುತ್ತದೋ ಹಾಗೆ. ಸುಡಾನಿನ ರಾಜಧಾನಿಗೂ ಟಾಂಜಾನಿಯಾದ ರಾಜಧಾನಿಗೂ ಇರುವ ದೂರ ಅದಕ್ಕಿಂತ ಹೆಚ್ಚೇ.

ಆ ಗುಂಪಿನಲ್ಲಿದ್ದವರೂ ಮನೆಯಲ್ಲಿ ಇಂಥವರನ್ನು ಕಂಡೇ ಇಲ್ಲ ಎಂದು ಕೇಳಿ ಬೆಳೆದವರೇ ಇರಬೇಕು. ಕಾಣದೆ ಬೆಳೆಯುವುದು ಯಾರ ತಪ್ಪೂ ಅಲ್ಲ. ಕಂಡ ಮೇಲೆ ಹೆಸರು ಕೇಳದೆ, ಊರು ಕೇಳದೆ ಬಣ್ಣವನ್ನೇ ಹೆಸರಾಗಿ ಇಟ್ಟುಬಿಡುವುದು ತಪ್ಪು. ಮನೆಯ ಮಕ್ಕಳು ಬೀದಿಯಲ್ಲಿ ಆಫ್ರಿಕಾದವರನ್ನೋ, ಈಶಾನ್ಯ ರಾಜ್ಯದವರನ್ನೋ ಕಂಡು ಅಡ್ಡ ಹೆಸರಿನಿಂದ ಕೂಗಿದರೆ ನಕ್ಕು ಸುಮ್ಮನಾಗಬಾರದು. ಬಾಡಿಗೆಗೆ ಮನೆಯಿದ್ದರೆ ಎಲ್ಲರಿಗೂ ಕೇಳುವ ಕಾಗದಪತ್ರವನ್ನೇ ಅವರಿಗೂ ಕೇಳಬೇಕು, ಎಲ್ಲರಿಗೂ ಹೇಳುವ ಬಾಡಿಗೆಯನ್ನೇ ಹೇಳಬೇಕು. ಕನ್ನಡಿಗರು ಎಂಬ ಕಾರಣಕ್ಕೋ ಜಾತಿಯ ಕಾರಣಕ್ಕೋ ಊಟದ ಕಾರಣಕ್ಕೋ ಇದೇ ನಗರದಲ್ಲಿ ಮನೆ ಸಿಗದೆ ಅಲೆದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೊಂದು ಕೋರಿಕೆ. ಬಾಲಾನಗರದಲ್ಲಿ ರಷ್ಯನ್ ತಂತ್ರಜ್ಞರ ಜೊತೆ, ರಾಮಚಂದ್ರಾಪುರದಲ್ಲಿ ಚೆಕ್ ಇಂಜಿನಿಯರರ ಜೊತೆ, ಪಟಾನ್‌ಚೆರುವಿನ ಹೊಲಗಳಲ್ಲಿ ಆಫ್ರಿಕಾದ ವಿಜ್ಞಾನಿಗಳ ಜೊತೆ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಒಂದು ಭಾನುವಾರ ಅವರ ಪಕ್ಕ ಕೂತು ಕೇಳಿ. ಅವರು ಏನು ಮಾತಾಡುತ್ತಿದ್ದರು, ಏನು ಹಂಚಿಕೊಂಡು ತಿಂದರು, ಯಾವುದಕ್ಕೆ ಜಗಳವಾಡಿದರು, ಮನೆಗೆ ಕರೆದಾಗ ಅಜ್ಜಿ ಏನಂದರು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ನಿಕಿತಿನ್ ಬರೆದಿಟ್ಟದ್ದರಿಂದ ಐನೂರು ವರ್ಷದ ಹಿಂದಿನ ಬೀದರ ನಮಗೆ ಕಾಣುತ್ತಿದೆ. ಅವನನ್ನು ಶ್ರೀಶೈಲಕ್ಕೆ ಕರೆದೊಯ್ದ ಬೀದರಿನವರು ಅವನ ಬಗ್ಗೆ ಏನು ಹೇಳಿಕೊಂಡರೋ, ಅದನ್ನು ಬರೆದಿಟ್ಟ ಒಂದು ಕನ್ನಡದ ಪುಟವೂ ನಮಗೆ ಸಿಕ್ಕಿಲ್ಲ. ಸನತ್‌ನಗರದ ಕಥೆಯನ್ನಾದರೂ ಎರಡೂ ಕಡೆಯಿಂದ ಉಳಿಸಿಕೊಳ್ಳೋಣ.